ಚೆರಿ ಹಣ್ಣು, ಚೂರು ಕಾಳುಮೆಣಸು

ಇಟಲಿಯ ಕಡಲೂರು ಒಟ್ರಾಂಟೊದ ಬಸ್ ನಿಲ್ದಾಣದಲ್ಲಿ ಮೀನಿನ ಚೀಲ ಹಿಡಿದು ಕೂತಿದ್ದ ಕೊಸಿಮಾಳಿಗೆ ಕಂಡವರ ಮಾತಿಗೆ ಕಿವಿಗೊಡುವ ಚಾಳಿ ಇರಲಿಲ್ಲ. ಆದರೆ ಮಾವ ಸೊಸೆ ಪಕ್ಕದಲ್ಲೇ ಕೂತು ಪಿಸುದನಿಯಲ್ಲಿ ಜಗಳಕ್ಕೆ ಬಿದ್ದರೆ ಕಿವಿ ಮುಚ್ಚಿಕೊಳ್ಳುವುದಾದರೂ ಹೇಗೆ? ಸೊಸೆಯ ಕೈಯಲ್ಲಿ ಹಳದಿ ಕೊಡೆಯಿತ್ತು. ಪ್ರವಾಸಿಗರಿಗೆ ಕರಾವಳಿಯ ಊರೂರಿನ ಊಟ, ವೈನಿನ ರುಚಿ ತೋರಿಸುವವರು ಹಿಡಿಯುವಂಥದ್ದು.

“ನಮ್ಮ ವೈನಿನಲ್ಲಿ ಯಾವ ರುಚಿ ಇದೆ ಅಂತ ಕೇಳಿದ್ರಲ್ಲ, ಆ ಪ್ರವಾಸಿಗರಿಗೆ ಅವರ ಭಾಷೇಲಿ ಏನಂತ ಹೇಳ್ದೆ ವೀತಾ?”

“ಚೆರಿ ಹಣ್ಣು, ಚೂರು ಕಾಳುಮೆಣಸು ಅಂದೆ ಮಾವ.”

“ನಾನು ಹೇಳಿದ್ದು ದೋನಾತಾಳ ಕಾಲು ಅಂತ.”

“ಅತ್ತೆ ಕಾಲಿನ ರುಚಿ ಅಂದಿದ್ರೆ ಎಲ್ಲರೂ ಲೋಟ ಕೆಳಗಿಡ್ತಿದ್ರು.”

“ವೈನಿಗೆ ಅಂತ ಅವಳು ತುಳಿದ ಕೊನೇ ದ್ರಾಕ್ಷಿ ಕಣೇ ಅದು. ಆ ಪೀಪಾಯಿ ಮುಗಿದ್ರೆ ಮುಗೀತು. ಮತ್ತೆ ತುಳಿಯೋಕೆ ಅವಳೇನು ಗೋರಿಯಿಂದ ಎದ್ದು ಬರ್ತಾಳಾ?”

ಸೊಸೆ ಕೊಡೆಯ ತುದಿಯಿಂದ ನೆಲ ಗೀರಿದಳು.

“ಆ ಕೆಂಪು ಟೋಪಿ ಹೆಂಗಸು ತಿರುಗಿ ಬಂದು ಕೇಳಿದ್ಲು ಮಾವ. ನಿಮ್ಮ ಮಾವ ಕಣ್ಣು ಒರೆಸ್ಕೊಂಡಿದ್ದು ಚೆರಿ ಹಣ್ಣಿಗಾ ಅಂತ. ನಿಜ ಹೇಳಿಬಿಟ್ಟೆ.”

“ಬಾಯಲ್ಲಿದ್ದ ವೈನ್ ಉಗುಳಿದ್ಲಾ?”

“ಇಲ್ಲ. ಚಪ್ಪಲಿ ಬಿಟ್ಟು ನಿಂತ್ಕೊಂಡು, ಲೋಟದಲ್ಲಿ ಉಳಿದಿದ್ದನ್ನ ಕುಡಿದ್ಲು.”

ಬಸ್ಸು ಬಂತು. ಮುದುಕ ಸೊಸೆಯ ತೋಳು ಹಿಡಿದು ಎದ್ದ. ಮೆಟ್ಟಿಲು ಹತ್ತುವಾಗ ಅವನ ದನಿ ಕೊಸಿಮಾಳಿಗೆ ಇನ್ನೂ ಕೇಳುತ್ತಿತ್ತು.

“ನಾಳೆ ಬರೋರಿಗೂ ಚೆರಿ ಅಂತಲೇ ಹೇಳಮ್ಮ. ತಿರುಗಿ ಬಂದು ಕೇಳಿದೋರಿಗೆ ಮಾತ್ರ ಅವಳ ಹೆಸರು ಹೇಳು.”