ಮೂರು ಚುಕ್ಕೆ

2006ರ ಬೇಸಿಗೆ, ಹುಣಸೂರು ಬಸ್ ನಿಲ್ದಾಣ. ನನ್ನ ಮುಂದಿನ ಬೆಂಚಿನಲ್ಲಿ ಕೂತಿದ್ದ ಎಳೆಯ ತಾಯಿಯೊಬ್ಬಳು ಕೂಸಿನ ಅಂಗಿ ಎತ್ತಿ, ಪಕ್ಕದ ಅಜ್ಜಿಗೆ ಹೊಟ್ಟೆ ತೋರಿಸುತ್ತಿದ್ದಳು. ನಾನು ಆಚೆ ಸರಿದು ಕೂರಬೇಕಿತ್ತು, ಕೂರಲಿಲ್ಲ.

“ಕುಡಿದ ಆಲೆಲ್ಲ ಕಕ್ಕೋದು ಕಣಜ್ಜಿ. ಬೆಂಗ್ಳೂರಲ್ಲಿ ಆಪ್ರೇಸನ್ ಮಾಡುದ್ರು.”

“ಕುಯ್ದಿರೋ ಗುರ್ತೇ ಇಲ್ವಲ್ಲವ್ವ.”

“ಮೂರು ಚುಕ್ಕೆ ಅವೆ ನೋಡಿ. ಅದ್ರಲ್ಲೇ ಸಣ್ಣ ಕೊಳವೆ ಬುಟ್ಟು, ಟೀವೀಲಿ ಒಳಗಡೆ ನೋಡ್ಕಂಡು ಮಾಡುದ್ರಂತೆ.”

ಅಜ್ಜಿ ಒಂದೊಂದು ಚುಕ್ಕೆಯನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು.

“ನನ್ ಮೊಮ್ಮಗನ್ಗೂ ಇದೇ ಕಾಯ್ಲೆ. ನಾನು ಬಳೆಚೂರು ಕಾಯ್ಸಿ ಒಟ್ಟೆಗೆ ಬರೆ ಆಕ್ದೆ. ಗಾಯ ಕೀವಾಯ್ತು. ನಂಜು ಇಳೀದೆ ಆಪ್ರೇಸನ್ ಆಗಕಿಲ್ಲ ಅಂದ್ರು ಡಾಕ್ಟ್ರು. ಅಷ್ಟ್ರಲ್ಲಿ ಕೂಸು ಓಯ್ತು.”

“ಬರೆ ಯಾಕೆ ಆಕುದ್ರಿ ಅಜ್ಜಿ?”

“ನನ್ ಮಗನ್ಗೂ ಆಕಿದ್ದೆ ಕಣವ್ವ. ಅವನು ಉಳ್ಕಂಡಿದ್ದ.”

“ಸೊಸೆ ಬೈದ್ರಾ?”

“ಒಂದ್ ಮಾತೂ ಅನ್ನಲಿಲ್ಲ. ಬರೆ ಆಕುವಾಗ ಕೂಸು ಕೊಸರಾಡ್ದಂಗೆ ಕಾಲು ಇಡ್ಕೊ ಅಂದಿದ್ದೆ. ಇಡ್ಕಂಡಿದ್ಲು.”

ಕೋಟೆ ಬಸ್ಸು ಬಂತು. ಅಜ್ಜಿ ಕೂಸಿನ ಅಂಗಿಯನ್ನು ಮೆಲ್ಲನೆ ಕೆಳಗೆಳೆದು ಎದ್ದು ಹೋದಳು.