ರೀ, ಹೊಡೀಬೇಡಿ

ಇದನ್ನ ನನಗೆ ಮೊದಲು ಹೇಳಿದ್ದು ನಮ್ಮ ಚಿಕ್ಕಮ್ಮ, ದೀಪ ಆರಿಸಿ ಮಲಗಿದ ಮೇಲೆ, ಪಿಸುದನಿಯಲ್ಲಿ. ಆಗಿದ್ದು ಅವರ ಸ್ವಂತ ಅಳಿಯನಿಗೇ.

ಅಳಿಯ ಡಬ್ಬಿಂಗ್ ಕಲಾವಿದ. ಸಿನಿಮಾದ ಖಳರಿಗೆಲ್ಲ ಅವನದೇ ಕಂಠ. ತೆರೆಯ ಮೇಲೆ ಅಬ್ಬರಿಸುವವನು ಮನೆಯಲ್ಲಿ ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಿದ್ದ. ಆ ಗಂಟಲೇ ಅವರ ಸಂಸಾರದ ಅನ್ನ. ಮನೆಯಲ್ಲೇ ರೆಕಾರ್ಡ್ ಮಾಡಬಹುದೆಂದು ಒಂದು ಹಳೇ ಮನೆ ಕೊಂಡರು. ಅದರಲ್ಲೊಂದು ಕೋಣೆ... ಕಿಟಕಿಯಿಲ್ಲ, ಗೋಡೆಗೆಲ್ಲ ಜಿಪ್ಸಂ ಹಲಗೆ, ಅದರ ಹಿಂದೆ ಉಣ್ಣೆ ತುಂಬಿದ ಸಂದು. ಒಳಗಿನ ಸದ್ದು ಹೊರಗಿಲ್ಲ, ಹೊರಗಿನದು ಒಳಗಿಲ್ಲ. ಮನೆ ಮಾರಿದವನೇ ಕಟ್ಟಿಸಿದ್ದು, ಹೆಂಡತಿ ಬದುಕಿದ್ದಾಗ. ಅವನು ಹಾಡುವವನೂ ಅಲ್ಲ, ಬಾರಿಸುವವನೂ ಅಲ್ಲ. ಯಾಕೆ ಕಟ್ಟಿಸಿದ್ದನೋ... ಇವರು ಕೇಳಲಿಲ್ಲ. ಪುಕ್ಕಟೆ ಸಿಕ್ಕಿತಲ್ಲ!

ಗಂಡ ಹೆಂಡತಿಗೆ ಜಗಳ ಹುಟ್ಟಿದ್ದು ಸ್ವಿಚ್ಚಿನ, ಮೈಕ್ ವೈರಿನ ಡಬ್ಬಿಗಳ ಮೇಲೆ.

"ರೀ, ಗೋಡೆ ಮೇಲೇ ಕೂರಿಸೋ ಡಬ್ಬಿ ತನ್ನಿ. ತೂತು ಹೊಡೀಬೇಡಿ. ಸದ್ದೆಲ್ಲ ಅದರಿಂದ್ಲೇ ಸೋರತ್ತೆ."

"ಮೇಲೆ ಡಬ್ಬಿ ಅಂದ್ರೆ ಮುಖದ ಮೇಲೆ ಕುರು ಎದ್ದ ಹಾಗೆ. ಒಳಗೇ ಕೂರಿಸ್ತೀನಿ, ನೀಟಾಗಿರತ್ತೆ."

"ಕೋಣೆ ಇರೋದು ಕಿವಿಗೋ, ಕಣ್ಣಿಗೋ?"

"ನಿಮ್ಮಮ್ಮನ ಬಾಯಿ ಹಾಗೇ ಬಂದಿದೆ ನಿನಗೆ."

(ಚಿಕ್ಕಮ್ಮ ಈ ಮಾತನ್ನೂ ಬಿಡದೆ ಹೇಳಿದರು.)

ನಡುಮಧ್ಯಾಹ್ನ ಡ್ರಿಲ್ ಹಿಡಿದು ಒಳಗೆ ಹೋದ. ಬಾಗಿಲು ಎಳೆದುಕೊಂಡ. ಧಪ್. ಕಿವಿಗೆ ಬಿರಡೆ ಜಡಿದ ಹಾಗೆ ಮೌನ. ಪೆನ್ಸಿಲಿನಲ್ಲಿ ಚೌಕ ಗೀಚಿ, ಡ್ರಿಲ್ ಊರಿದ. ಗುರ್ರ್...

"ರೀ... ಹೊಡೀಬೇಡಿ."

ಸಣ್ಣ ದನಿ. ಹೆಂಡತಿ ಬಾಗಿಲಾಚೆ ನಿಂತಿದ್ದಾಳೆ ಅಂದುಕೊಂಡ. "ಸುಮ್ನಿರೇ."

ಗುರ್ರ್... ಬಿಳಿ ಪುಡಿ ಉದುರಿತು.

"ದಮ್ಮಯ್ಯ... ಹೊಡೀಬೇಡ್ರೀ..."

ಸಿಟ್ಟು ನೆತ್ತಿಗೇರಿತು. ಆ ಖಳನ ಕಂಠದಲ್ಲೇ ಗರ್ಜಿಸಿದ: "ಹೊಡೀತೀನಿ ಕಣೇ! ಏನ್ ಮಾಡ್ಕೋತೀಯ?"

ಆಮೇಲೆ ಹೊಳೆಯಿತು... ಈ ಕೋಣೆಯೊಳಕ್ಕೆ ಹೊರಗಿನ ದನಿ ಬರುವುದಿಲ್ಲ.

ಹಲಗೆ ಒಳಗಿನಿಂದಲೇ ಲಟಕ್ಕೆಂದು ಬಿರಿಯಿತು. ಮೊದಲ ಏಟು ದವಡೆಗೆ. ಚಟ್. ಮುಂದಿನದು ಬಾಯಿಗೇ. ಕಣ್ಣಿಗೆ ಏನೂ ಕಾಣದು. ಮುಷ್ಟಿಯ ಗೆಣ್ಣು ಮಾತ್ರ ಒಂದೊಂದೂ ಗೊತ್ತಾಗುತ್ತಿತ್ತು. ಕೂದಲು ಹಿಡಿದು ಅವನ ಹಣೆಯನ್ನು ಆ ಚೌಕಕ್ಕೇ ಅಪ್ಪಳಿಸಿತು. ದಬ್. ದಬ್. ದಬ್. ನೆಲಕ್ಕೆ ಕೆಡವಿತು.

"ಅಯ್ಯೋ ಸಾಯ್ತೀನಿ... ಬಿಡೂ!"

ಚಿತ್ರಮಂದಿರ ನಡುಗಿಸುವ ಕೂಗು. ಅದು ಮುಗಿಯುವ ಮೊದಲೇ ಗಂಟಲ ಮೇಲೆ ಮೊಣಕಾಲು ಊರಿತು. ಗೋಡೆಯಾಚೆ ಹೆಂಡತಿ, ಅಮ್ಮನಿಗೆ ಫೋನು ಮಾಡಿ ಗಂಡನ ಹಟದ ಕತೆ ಹೇಳಿ ನಗುತ್ತಿದ್ದಳು. ಒಂದು ಪಿಟ್ಟೆನ್ನುವ ಸದ್ದೂ ಅವಳಿಗೆ ಕೇಳಲಿಲ್ಲ.

"ತಾಳು, ಅವರಿಗೇ ಕೊಡ್ತೀನಿ, ನೀನೇ ಬೈಯಿ," ಎಂದು ಬಾಗಿಲು ತೆಗೆದಳು. ಏಟು ನಿಂತಿತು. ಫೋನಿನಲ್ಲಿ ಚಿಕ್ಕಮ್ಮನಿಗೆ ಕೇಳಿಸಿದ್ದು ಮಗಳ ಚೀರಾಟ.

ದವಡೆಗೆ ತಂತಿ ಕಟ್ಟಿದರು. ಮೂಳೆ ಕೂಡಿತು, ಕಂಠ ಮಾತ್ರ ಬರಲಿಲ್ಲ. ಈಗ ಪಿಸುಗುಟ್ಟುತ್ತಾನೆ, ಅಷ್ಟೇ.

"ಡ್ರಿಲ್ ಜಾರಿರಬೇಕು ಚಿಕ್ಕಮ್ಮ," ಅಂದೆ, ಓದಿದವಳಲ್ಲವೇ ನಾನು.

"ಜಾರಿದ ಡ್ರಿಲ್ಲು ಕೂದಲು ಹಿಡಿದು ಎಳೆಯತ್ತೇನೇ?" ಅಂದರು. ನನ್ನ ಕಡೆಗೆ ಹೊರಳಿದರು... "ಆ ನೆಲ ಗುಡಿಸಿದ್ದು ನಾನು. ಅವನಿಗೆ ಹೋಗಿದ್ದು ಎರಡು ಹಲ್ಲು. ನನ್ನ ಮೊರಕ್ಕೆ ಬಂದಿದ್ದು ಮೂರು."

ನಡೆದದ್ದೇ ಇದು, ಒಂದಕ್ಷರ ಸೇರಿಸಿಲ್ಲ. ನಿಮಗೆ ಗೊತ್ತಿದ್ದವರು ಯಾರಾದರೂ ಹಳೇ ಮನೆಯ ಗೋಡೆ ಕೊರೆಸುತ್ತಿದ್ದರೆ, ಅವರಿಗೂ ಇದನ್ನ ಹೇಳಿಬಿಡಿ.