ಮೇಷ್ಟ್ರ ಎಡಗಾಲು

…ಅಲ್ಲಲ್ಲ, ಕತ್ತನ್ನ ಇಷ್ಟು ಬಿಗಿಯಾಗಿ ಹಿಡಿದ್ರೆ ನಾನು ಹೇಗೆ ಗಡ್ಡ ಕೆರೆಯಲಿ ಭಾವ? ಸಡಿಲ ಬಿಡಿ. ಹಾಂ, ಹಾಗೆ. ಇವತ್ತು ನಿಮ್ಮ ದಿನವೂ ಅಲ್ಲ. ನೀವು ಬುಧವಾರ, ಶನಿವಾರದವರು. ಹೋದ ವಾರ ಎರಡು ದಿನವೂ ಪತ್ತೆ ಇಲ್ಲ, ಇವತ್ತು ನೋಡಿದ್ರೆ ನಾನು ಬಾಗಿಲು ತೆಗೆಯೋ ಮೊದಲೇ ಮೆಟ್ಟಿಲ ಮೇಲೆ ನಿಂತಿದೀರಿ. ನಿಮ್ಮ ಔಷಧಿ ಅಂಗಡಿ ಯಾರು ನೋಡ್ಕೋತಾರೆ? ಇರಲಿ, ಇರಲಿ, ಮಾತಾಡಬೇಡಿ, ನೊರೆ ಬಾಯಿಗೆ ಹೋಗುತ್ತೆ. ನಾನೇ ಆಡ್ತೀನಿ. ಮಾತಾಡೋಕೆ ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಏನು ನೋಡ್ತಿದೀರಿ ಕನ್ನಡಿಲಿ? ಕೋಳಿ ಪ್ರದರ್ಶನದ ಆ ಕಪ್ಪಾ? ಬಿಡಿ ಭಾವ. ಅದರಲ್ಲಿ ಬಾಚಣಿಗೆ ನಿಲ್ಲಿಸಿದೀನಿ, ಅಷ್ಟಕ್ಕೆ ಲಾಯಕ್ಕು ಅದು. ಬಂದ ಗಿರಾಕಿಗಳೆಲ್ಲ "ಕೊನೆಗೂ ಭಾವನ್ನ ಸೋಲಿಸಿದೆಯಲ್ಲಪ್ಪ" ಅಂತಾರೆ. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲ್ಲ. ನಿಜ ಹೇಳ್ತೀನಿ, ನಾಚಿಕೆ ಆಗುತ್ತೆ. ಗೆದ್ದಿದ್ದು ಯಾರ ಕೋಳಿ? ನಿಮ್ಮ ಹುಂಜ ಮೇಷ್ಟ್ರ ಮಗನೇ ತಾನೇ. ಐದು ವರ್ಷದ ಹಿಂದೆ ನೀವು ಒಂದು ಬುಟ್ಟಿಲಿ ಹೊಟ್ಟು ಹಾಸಿ ಏಳು ಮೊಟ್ಟೆ ಕೊಟ್ಟಿದ್ರಿ, "ಬ್ರಹ್ಮ ಜಾತಿ ಕೋಳಿ ಕಣೋ, ಊರ ಕೋಳಿ ಥರ ಬಿಟ್ಟು ಮೇಯಿಸಬೇಡ, ಕಾಲು ಒದ್ದೆ ಆಗಬಾರದು" ಅಂತ. ಮೊದಲ ಸಲ ಹೇಂಟೆ ಕಾವು ಕೂತಾಗ ಅದರ ಭಾರಕ್ಕೇ ಎರಡು ಮೊಟ್ಟೆ ಒಡೆದು ಹೋಯ್ತು. ನಾನು ಅತ್ತುಕೊಂಡು ಓಡಿ ಬಂದಿದ್ದೆ ನಿಮ್ಮ ಮನೆಗೆ. ನಲವತ್ತು ದಾಟಿದ ಗಂಡಸು. ನೀವು ನಕ್ಕಿರಿ, ಅಕ್ಕ ನಗಲಿಲ್ಲ.

ಸ್ವಲ್ಪ ಬಲಕ್ಕೆ ತಿರುಗಿ.

ಅಕ್ಕನ ವಿಷಯಕ್ಕೇ ಬರ್ತೀನಿ. ಭಾವ, ಎಂಟು ದಿನ ಆಯ್ತು ನೀವು ಅವಳ ಜೊತೆ ಮಾತು ಬಿಟ್ಟು. ನನಗೆ ಹೇಗೆ ಗೊತ್ತು ಅಂತೀರಾ? ಬುಧವಾರ ಬಂದಿದ್ದಳು, ನನ್ನ ಈ ಕೋಟು ಕೊಡೋಕೆ. ಗುಂಡಿ ಕಿತ್ತು ಹೋಗಿದೆ ಅಂತ ಸೋಮವಾರ ಬೆಳಗ್ಗೆ ತಾನೇ ಬಂದು ತಗೊಂಡು ಹೋಗಿದ್ದಳು, ಒಗೆದು, ಗುಂಡಿ ಹಾಕಿ ತಂದಳು. ತಟ್ಟೆಗೆ ಬಡಿಸ್ತಾಳಂತೆ, ನೀವು ಉಣ್ತೀರಂತೆ, ಎದ್ದು ಹೋಗ್ತೀರಂತೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದೋರು, ಒಂದು ಹುಂಜದ ಕಾಲಿಗೋಸ್ಕರ… ಸರಿ ಸರಿ, ಬರೀ ಹುಂಜ ಅಲ್ಲ. ಮೇಷ್ಟ್ರು. ಒಪ್ಕೋತೀನಿ. ಪರೀಕ್ಷೆ ಕೋಣೆಲಿ ಕಾವಲು ಇರೋರ ಥರ ಆ ನಡಿಗೆ, ಬೆರಳ ತುದಿವರೆಗೂ ಗರಿ, ಕಾಲಿಗೆ ಉಣ್ಣೆ ಚೀಲ ಹಾಕಿದ ಹಾಗೆ. ನಿಮ್ಮ ಹದಿನೈದು ವರ್ಷದ ಕೆಲಸ ಎಲ್ಲ ಆ ಎರಡು ಕಾಲಲ್ಲೇ ಇತ್ತು. ಗೊತ್ತು ನನಗೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆದ್ರೆ ಅಕ್ಕ ಏನು ತಪ್ಪು ಮಾಡಿದಳು? ಪ್ರದರ್ಶನದ ದಿನ ಬೆಳಗ್ಗೆ ಎದ್ದು, ಬೆಚ್ಚಗಿನ ನೀರಲ್ಲಿ ಅದಕ್ಕೆ ಸ್ನಾನ ಮಾಡಿಸಿದಳು, ಟವೆಲ್ಲಲ್ಲಿ ಒರೆಸಿದಳು. ಜಡ್ಜು ಅದನ್ನ ಎತ್ತಿ ಕಾಲು ನೋಡಿ ಪಕ್ಕಕ್ಕಿಟ್ರು. ಎಡಗಾಲಿನ ನಡುಬೆರಳಿನ ಗರಿ ಇಲ್ಲ, ಅದಿಲ್ಲದ ಬ್ರಹ್ಮ ಕೋಳಿ ಲೆಕ್ಕಕ್ಕಿಲ್ಲ. ನೀವು ಮೇಷ್ಟ್ರನ್ನ ಅದೇ ಟವೆಲ್ಲಲ್ಲಿ ಸುತ್ತಿಕೊಂಡು, ಯಾರಿಗೂ ತೋರಿಸದೆ, ನನಗೂ ತೋರಿಸದೆ ನೇರ ಮನೆಗೆ ಹೋದ್ರಿ. ಹೋಗಿ ಇವಳನ್ನ ಹಿಡ್ಕೊಂಡ್ರಿ, "ಟವೆಲ್ಲಲ್ಲಿ ತಿಕ್ಕಿ ಮುರಿದೆ" ಅಂತ. ಭಾನುವಾರ ಪೂರ್ತಿ "ಇಲ್ಲ, ಬರೀ ಒತ್ತಿ ಒರೆಸಿದೆ" ಅಂದವಳು ಸೋಮವಾರ ಸಂಜೆ ಹೊತ್ತಿಗೆ "ಹೌದು, ನಾನೇ ತಿಕ್ಕಿದೆ, ನನ್ನಿಂದಲೇ ಆಯ್ತು" ಅಂದಳಂತೆ. ಕೇಳಿ ಕೇಳಿ ಸಾಕು ಮಾಡಿದೀರಿ ಅವಳನ್ನ. ಒಪ್ಕೊಂಡ್ರೆ ಮುಗಿಯುತ್ತೆ ಅಂತ ಒಪ್ಕೊಂಡಿದ್ದಾಳೆ, ಅಷ್ಟೇ. ಅದು ಮುಗಿಯಲಿಲ್ಲ, ಶುರುವಾಯ್ತು.

ಅವಳ ಮನಸ್ಸು ಎಲ್ಲಿದೆ ಅಂತ ಬೇಕಾದ್ರೆ ಇಲ್ಲಿ ನೋಡಿ. ಈ ಕೋಟು. ಗುಂಡಿ ಹಾಕು ಅಂದ್ರೆ ಗುಂಡಿ ಹಾಕಿದಾಳೆ, ಜೊತೆಗೆ ಈ ಎಡಗಡೆ ಜೇಬಿನ ಬಾಯಿ ಪೂರ್ತಿ ಹೊಲಿದುಬಿಟ್ಟಿದಾಳೆ. ಕೈ ಹಾಕೋಕೆ ಹೋದ್ರೆ ಹೋಗಲ್ಲ. ಏನಕ್ಕಾ ಇದು ಅಂತ ಕೇಳಿದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಗೊತ್ತಾಗಲಿಲ್ಲ" ಅಂತ ಹೊರಟಳು. ಹೊಲಿಗೆಲಿ ಒಂದು ದಾರ ಆಚೀಚೆ ಆಗೋಕೆ ಬಿಡೋಳಲ್ಲ ನಮ್ಮಕ್ಕ. ಅಷ್ಟು ತಲೆ ಕೆಟ್ಟಿದೆ ಅವಳಿಗೆ, ನಿಮ್ಮಿಂದ.

ಯಾಕೆ ನಗ್ತೀರಿ? ನಗಲಿಲ್ವಾ? ನೊರೆ ಅಲ್ಲಾಡಿತು, ನಕ್ಕಿರಿ ಅಂದ್ಕೊಂಡೆ.

ನಿನ್ನೆ ಇನ್ನೊಂದು ಮಾತು ಕೇಳಿದೆ. ಮಾಂಸದ ಅಂಗಡಿಯವನು ಹೇಳಿದ, ನಾಳೆ ನಿಮ್ಮ ಮನೆಗೆ ಕೋಳಿ ಒಯ್ಯೋಕೆ ಬರ್ತಾನಂತೆ. ಹದಿನಾಲ್ಕೂ ಕೊಡ್ತೀರಂತೆ. ಹೇಂಟೆ, ಮರಿ, ಮೇಷ್ಟ್ರು, ಎಲ್ಲಾ. ಭಾವ, ಅವನು ಸಾಕೋಕೆ ಒಯ್ಯಲ್ಲ. ಇನ್ನೊಂದು ನಾಲ್ಕೈದು ತಿಂಗಳು ತಡೀರಿ, ಹಳೇ ಗರಿ ಉದುರಿ ಹೊಸದು ಬರುತ್ತೆ, ಮುಂದಿನ ವರ್ಷ ಮೇಷ್ಟ್ರು ಮತ್ತೆ ಗೆಲ್ತಾರೆ. ನಾನು ಬೇಕಾದ್ರೆ ಸ್ಪರ್ಧೆಗೇ ಬರಲ್ಲ. ಬೇಕಾದ್ರೆ ಏನು, ಬರಲ್ಲ. ಇನ್ನು ಯಾವತ್ತೂ ಬರಲ್ಲ. ಆದ್ರೆ ಅವುಗಳನ್ನ ಕೊಡಬೇಡಿ, ಅಕ್ಕನ ಜೊತೆ ಮಾತಾಡಿ. ಎರಡೇ ಕೇಳ್ತಿರೋದು ನಾನು.

ತಲೆ ಅಲ್ಲಾಡಿಸಬೇಡಿ, ಕತ್ತಿ ಕೈಲಿದೆ.

ಅವಳು ತಿಕ್ಕಿಲ್ಲ ಅಂತ ನಾನು ಹೇಳ್ತೀನಲ್ಲ. ಇಪ್ಪತ್ತೈದು ವರ್ಷ ಕೂದಲ ಮಧ್ಯೆ ಇದ್ದೋನು ನಾನು. ತಿಕ್ಕಿ ಮುರಿದ ಗರಿ ಹೇಗಿರುತ್ತೆ? ತುದಿ ನಾರುನಾರಾಗಿ ಸೀಳಿರುತ್ತೆ. ದಂಟು ಬಾಗಿರುತ್ತೆ. ಇದು ಹಾಗಿಲ್ವೇ ಇಲ್ಲ. ಮೂರು ಗರಿ, ಮೂರೂ ಒಂದೇ ಅಳತೆಗೆ, ಓರೆಯಾಗಿ, ನುಣ್ಣಗೆ… ಟವೆಲ್ಲಲ್ಲಿ ಎಲ್ಲಾದ್ರೂ ಹಾಗಾಗುತ್ತಾ?

ಏನು ಭಾವ?

ಯಾಕೆ ಹಾಗೆ ನೋಡ್ತಿದೀರಿ? ನೋಡಿದೆ ನಾನು. ಅಲ್ಲಿ… ಅಲ್ಲಿ ಸಭಾಂಗಣದಲ್ಲೇ. ಹೌದು, ನೀವು ಟವೆಲ್ಲಲ್ಲಿ ಸುತ್ತಿದ್ರಿ. ನನಗೂ ತೋರಿಸಲಿಲ್ಲ, ಈಗ ತಾನೇ ಅದನ್ನ ನಾನೇ ಹೇಳಿದೆ. ಆಮೇಲೆ ನಿಮ್ಮ ಮನೆಗೂ ಬಂದಿಲ್ಲ. ಹಾಗಾದ್ರೆ ಅಕ್ಕ ಹೇಳಿರಬೇಕು. ಅಕ್ಕ… ಇಲ್ಲ. ಅವಳ ಹೆಸರು ಮತ್ತೆ ಎಳೆಯಲ್ಲ. ಬೇಡ.

ಕತ್ತಿ ಕೆಳಗಿಡ್ತೀನಿ, ಒಂದು ನಿಮಿಷ.

ನಾನು ಕತ್ತರಿಸಿದೆ ಭಾವ.

ಅವತ್ತು ಬೆಳಗ್ಗೆ, ಪಂಜರಗಳನ್ನ ಸಾಲಾಗಿ ಇಡ್ತಿದ್ರಲ್ಲ, ಆಗ ಎಲ್ಲರ ಮುಂದೆ ಒಂದು ಮಾತಂದ್ರಿ. ನಿಮಗೆ ನೆನಪೂ ಇರಲ್ಲ. "ನಮ್ಮ ಬಾಮೈದನ ಕೈ ಕತ್ತರಿಸೋಕೆ ಚೆನ್ನ, ಬೆಳೆಸೋಕಲ್ಲ." ತಮಾಷೆಗೇ ಅಂದಿದ್ದು. ಎಲ್ಲಾ ನಕ್ಕರು, ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಐದು ವರ್ಷ ಭಾವ, ಐದು ವರ್ಷ ಹೊಟ್ಟು ಬದಲಾಯಿಸಿ, ಮರಿಗಳ ಕಾಲು ಒಂದೊಂದೇ ಒರೆಸಿ, ಪ್ರತಿ ಸಲ ಎರಡನೇದು, ಮೂರನೇದು. ಆಮೇಲೆ ನೀವು "ಇದನ್ನ ನೋಡ್ಕೊಳ್ತಿರೋ, ನಂಬರ್ ಚೀಟಿ ತರ್ತೀನಿ" ಅಂತ ಹೋದ್ರಿ. ನನ್ನನ್ನ ನಂಬಿ ಹೋದ್ರಿ. ಕತ್ತರಿ ಜೇಬಲ್ಲೇ ಇತ್ತು, ಯಾವಾಗ್ಲೂ ಇರುತ್ತೆ.

ಮೇಷ್ಟ್ರು ಒದ್ದಾಡಲಿಲ್ಲ. ಅದನ್ನೂ ಹೇಳಿಬಿಡ್ತೀನಿ. ಮರಿ ಇದ್ದಾಗಿಂದ ತಿಂಗಳಿಗೊಂದು ಸಲ ಅದರ ಉಗುರು ಕತ್ತರಿಸ್ತಿದ್ದೋನು ನಾನೇ ಅಲ್ವಾ. ಕತ್ತರಿ ನೋಡಿ, ಉಗುರು ತೆಗೆಯೋಕೆ ಬಂದಿದೀನಿ ಅಂದ್ಕೊಂಡು ತಾನೇ ಕಾಲೆತ್ತಿ ಕೊಟ್ಟಿತು. ಎಡಗಾಲು. ಒಂದೇ ಕಾಲಲ್ಲಿ ನಿಂತುಕೊಂಡು ಕಾಯ್ತಾ ಇತ್ತು. ಆಗಲಾದ್ರೂ ನನ್ನ ಕೈ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಪಂಜರದಲ್ಲಿ ಒಂದು ಚೂರೂ ಬಿದ್ದಿರಲಿಲ್ಲ, ಅದಕ್ಕೇ ನೀವು ಮನೇಲೇ ಮುರಿದಿದೆ ಅಂದ್ಕೊಂಡ್ರಿ. ನಮ್ಮ ಚಾಳಿ ಭಾವ. ಕತ್ತರಿಸಿದ್ದನ್ನ ನೆಲದ ಮೇಲೆ ಬಿಡೋಕೆ ಕೈ ಬರಲ್ಲ. ಆಯ್ದು ಕಟ್ಟಿ ಇಟ್ಕೊಂಡೆ, ಎಲ್ಲಿ ಎಸೆದೆನೋ ನೆನಪಿಲ್ಲ. ಅವಮಾನ ಆಗುತ್ತೆ ಹೇಳೋಕೆ, ನಾನು ಅಷ್ಟು ಅಚ್ಚುಕಟ್ಟಾಗಿ ಮಾಡಿದೀನಿ ಈ ಹೊಲಸು ಕೆಲಸನ.

ಎಂಟು ದಿನ ಹೇಳಬೇಕು ಹೇಳಬೇಕು ಅಂತ… ಸುಳ್ಳು. ಹೇಳಬಾರದು ಅಂತಲೇ ಇದ್ದೆ. ಇವತ್ತೂ ಅಕ್ಕನ್ನ ಬಿಡಿಸಿ, ನಾನೂ ತಪ್ಪಿಸ್ಕೊಳ್ಳೋ ಲೆಕ್ಕಾಚಾರದಲ್ಲೇ ಬಾಯಿ ತೆರೆದೆ. ಈಗ ಗೊತ್ತಾಯ್ತಲ್ಲ. ಬೈರಿ. ಎರಡು ಬಾರಿಸಿ. ದಮ್ಮಯ್ಯ ಭಾವ, ಏನಾದ್ರೂ ಅನ್ನಿ. ನಿಮಗೆ ಸಿಟ್ಟಾದ್ರೂ ಬರಬೇಕಲ್ಲ, ಆಶ್ಚರ್ಯ ಆದ್ರೂ ಆಗಬೇಕಲ್ಲ…

ಬಟ್ಟೆ ಒಳಗಿಂದ ಏನು ತೆಗೀತಿದೀರಿ?

ಇದು… ಇದು ನನ್ನ ಅಂಗಡಿದು. ಕತ್ತಿ ಒರೆಸೋಕೆ ನಾನು ಹರಿದಿಟ್ಕೊಳ್ಳೋ ಪೇಪರ್ ತುಂಡು. ಬಿಚ್ಚಬೇಕಾಗಿಲ್ಲ ಭಾವ, ಒಳಗೇನಿದೆ ಗೊತ್ತು. ಮೂರು ಚೂರು. ಎಲ್ಲಿ ಸಿಕ್ತು ನಿಮಗೆ? ಅಕ್ಕ ಕೊಟ್ಟಳಾ? ಇಲ್ವಾ? ಮತ್ತೆ? ಏನು ಕೈಸನ್ನೆ ಅದು? ಹೊಲಿಗೆ… ಸೂಜಿ… ಅವಳ ದಾರದ ಡಬ್ಬಿಲಾ? ಕೋಳಿ ತುಂಬೋ ಬುಟ್ಟಿಗೆ ಬಟ್ಟೆ ಹೊಲಿಯೋಕೆ ಅಂತ ಡಬ್ಬಿ ತೆಗೆದ್ರಾ, ನಿನ್ನೆ?

ಹಾಗಾದ್ರೆ ಇಲ್ಲಿ ಬಂದು ಕೂತಾಗಲೇ ನಿಮಗೆ ಗೊತ್ತಿತ್ತು. ನಾನು ಆಡಿದ್ದೆಲ್ಲ ಕೇಳ್ಕೊಂಡು…

ತಾಳಿ. ದಾರದ ಡಬ್ಬಿಗೆ ಹೇಗೆ ಬಂತು ಇದು?

ಕೋಟು ಒಯ್ದಿದ್ದು ಸೋಮವಾರ ಬೆಳಗ್ಗೆ. ಒಗೆಯೋ ಮೊದಲು ಜೇಬು ನೋಡದೇ ಇರ್ತಾಳಾ ಅವಳು. ಭಾನುವಾರ ಪೂರ್ತಿ ಇಲ್ಲ ಇಲ್ಲ ಅಂದವಳು. ಸೋಮವಾರ ಸಂಜೆ, ಹೌದು, ನಾನೇ ಅಂದಳು.

ಅಯ್ಯೋ ಅಕ್ಕಾ.

ಸಾಕಾಗಿ ಒಪ್ಕೊಂಡಿದ್ದಲ್ಲ ಅವಳು. ಈ ಜೇಬೂ ಮರೆವಿಗೆ ಹೊಲಿದಿದ್ದಲ್ಲ. ನೋಡಿ ಭಾವ, ಎರಡು ಸಾಲು ಹಾಕಿದಾಳೆ, ಒತ್ತೊತ್ತಾಗಿ, ಕೊನೆಲಿ ಗಂಟು. ನಾನು ಅವಳ ಮುಂದೆಯೇ ನಿಂತು, ಏನಕ್ಕಾ ಇದು, ನಿನ್ನ ತಲೆ ಎಲ್ಲಿದೆ ಅಂತ ಕೇಳಿದೆ. ಕೇಳಿ ನಕ್ಕೆ. ಆ ಒಂದು ಗಳಿಗೆ ನನ್ನ ಮುಖ ನೋಡಿದಳಲ್ಲ, ನಾನು ಹೇಳ್ತೀನೇನೋ ಅಂತ ಕಾದಿದ್ದು ಅದು.

ಭಾವ… ನೀವ್ಯಾಕೆ ತಲೆ ತಗ್ಗಿಸ್ತೀರಿ? ನೀವೇನು ಮಾಡಿದೀರಿ?

ನಿನ್ನೆ ಇದು ಸಿಕ್ಕ ಮೇಲೆ ಅವಳ ಹತ್ರ ಮಾತಾಡಿದ್ರಾ? ಇಲ್ವಾ. ಒಂದು ಮಾತೂ ಇಲ್ವಾ. ಎಂಟು ದಿನ ಆದಮೇಲೆ ಏನಂತ ಶುರು ಮಾಡೋದು ಅಂತ ಗೊತ್ತಾಗದೆ, ಬೆಳಗ್ಗೆನೇ ಎದ್ದು ಇಲ್ಲಿಗೆ ಬಂದ್ರಾ.

ನನಗೂ ಗೊತ್ತಿಲ್ಲ.

ಏಳಿ. ಮುಖ ಒರೆಸ್ಕೊಳ್ಳಿ. ಇನ್ನೊಂದು ಕೆನ್ನೆ ಹಾಗೇ ಉಳಿದಿದೆ, ಉಳಿಯಲಿ. ಈ ಕೈಯಲ್ಲಿ ಇವತ್ತು ಕತ್ತಿ ಹಿಡಿಯಲ್ಲ. ಬಾಗಿಲು ಹಾಕ್ತೀನಿ, ಹಾಗೇ ಅರ್ಧ ಗಡ್ಡದಲ್ಲೇ ಬನ್ನಿ. ನಿಮ್ಮ ಮುಖ ನೋಡಿ ಅವಳು ಮೊದಲು ನಗ್ತಾಳೆ, ಅಷ್ಟರಲ್ಲಿ ನಾನು ಹೇಳಿಬಿಡ್ತೀನಿ.

ನಗದೇ ಇದ್ರೂ ಹೇಳ್ತೀನಿ.